ಅಂಟಿಸದೆ ಉಳಿದ ಪೋಸ್ಟರ್

ಸರ್ಕಸ್ಸಿನ ಹಳೇ ಸಾಮಾನು ಕೂಡಿಡುವವರಲ್ಲಿ ಎರಡು ಪಂಗಡ. ಗ್ಯಾಲರಿಯಲ್ಲಿ ಕೂತು ನೋಡಿದವರದು ಒಂದು, ಡೇರೆಯ ಹಿಂದೆ ದುಡಿದವರದು ಇನ್ನೊಂದು. ನೋಡಿದವರ ಮನೆಗೆ ಹೋದರೆ ಗೋಡೆ ತುಂಬ ಹುಲಿ, ಸಿಂಹ, ಬೆಂಕಿಯ ಬಳೆಯೊಳಗೆ ಹಾರುವ ಕುದುರೆ. ದುಡಿದವರ ಟ್ರಂಕು ತೆಗೆಸಿದರೆ ಒಂದು ಊಟದ ಚೀಟಿ, ತುಕ್ಕು ಹಿಡಿದ ಕೊಂಡಿ, ಯಾವ ತಾರೀಕಿಗೆ ಯಾವ ಊರು ಎಂದು ಅಚ್ಚಾದ ಸಣ್ಣ ಕಾರ್ಡು. ‘ಇದನ್ನ್ಯಾಕೆ ಇಟ್ಕೊಂಡಿದ್ದೀರಿ?’ ಅಂದರೆ ‘ಸುಮ್ನೆ’ ಎನ್ನುತ್ತಾರೆ. ನಾನು ಮೊದಲನೇ ಪಂಗಡದವನು. ಈಚೆಗೆ ಮಾತ್ರ ನನ್ನ ಕಣ್ಣೆಲ್ಲ ಎರಡನೆಯವರ ಟ್ರಂಕಿನ ಮೇಲೆ.

ಪೋಸ್ಟರ್ ನೋಡೋಕೆ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಅಮೆರಿಕದಲ್ಲಿ ಸಿನ್ಸಿನಾಟಿಯ ಸ್ಟ್ರೋಬ್ರಿಜ್ ಕಂಪನಿ ಕಲ್ಲಚ್ಚಿನಲ್ಲಿ ತೆಗೆದ ಸರ್ಕಸ್ ಪೋಸ್ಟರ್‌ಗಳ ಬಣ್ಣ ಇವತ್ತಿಗೂ ಕಣ್ಣು ಕುಕ್ಕುತ್ತದೆ. ದೊಡ್ಡ ಕಂಪನಿಗಳಿಗೆ ಪೋಸ್ಟರ್ ಹಚ್ಚುವವರಿಗೆಂದೇ ಬೇರೆ ರೈಲು ಬೋಗಿ ಇರುತ್ತಿತ್ತು. ಅದು ಸರ್ಕಸ್ಸಿಗಿಂತ ಎಷ್ಟೋ ದಿನ ಮುಂಚೆ ಊರು ಮುಟ್ಟುತ್ತಿತ್ತು. ಬೋಗಿಯೊಳಗೇ ಹಿಟ್ಟಿನ ಅಂಟು ಕುದಿಯುತ್ತಿತ್ತು. ಇಳಿದ ಜನ ಸಿಕ್ಕ ಗೋಡೆ, ಬೇಲಿ, ಕೊಟ್ಟಿಗೆ ಯಾವುದನ್ನೂ ಬಿಡುತ್ತಿರಲಿಲ್ಲ. ಅಂಗಡಿಯ ಕಿಟಕಿಯಲ್ಲಿ ಜಾಗ ಕೊಟ್ಟವರಿಗೆ ಪುಕ್ಕಟೆ ಪಾಸು. ಎದುರಾಳಿ ಕಂಪನಿಯ ಪೋಸ್ಟರ್ ಕಂಡರೆ ಅದರ ಮೇಲೇ ತಮ್ಮದು ಮೆತ್ತುವುದು, ಅವರು ಬಂದು ಇದರ ಮೇಲೆ ಮತ್ತೆ ಮೆತ್ತುವುದು. ಚಿತ್ರ ಎಲ್ಲ ಊರಿಗೂ ಒಂದೇ. ಊರಿನ ಹೆಸರು, ತಾರೀಕು ಬೇರೆ ಪಟ್ಟಿಯಲ್ಲಿ ಅಚ್ಚಾಗಿ ಬಂದು ಕೆಳಗೆ ಅಂಟುತ್ತಿತ್ತು.

ಗೋಡೆಗೆ ಅಂಟಿದ ಪೋಸ್ಟರ್ ಗೋಡೆಯ ಜೊತೆಗೇ ಹೋಯಿತು. ಮಳೆಗೆ ನೆನೆಯಿತು, ಬಿಸಿಲಿಗೆ ಸುಲಿಯಿತು, ಇನ್ನೊಂದರ ಅಡಿ ಹೂತುಹೋಯಿತು. ಹಾಗಾದರೆ ಈಗ ಚೌಕಟ್ಟು ಹಾಕಿಸಿಕೊಂಡು ಗೋಡೆ ಮೇಲೆ ಮೆರೆಯುವುದು ಯಾವುದು? ಬಹುಮಟ್ಟಿಗೆ ಯಾರೂ ಅಂಟಿಸದೆ ಬಿಟ್ಟದ್ದು. ಅಚ್ಚಿನ ಮನೆಯಲ್ಲಿ ಕಟ್ಟು ಬಿಚ್ಚದೆ ಬಿದ್ದದ್ದು, ಲೆಕ್ಕಕ್ಕಿಂತ ಜಾಸ್ತಿ ಆದದ್ದು. ಟಿಕೆಟ್ಟಿನದೂ ಇದೇ ಕತೆ. ಅರ್ಧ ಹರಿದದ್ದು ಒಳಗೆ ಹೋಗಿ ಆಟ ನೋಡಿದೆ. ಇಡೀ ಟಿಕೆಟ್ಟು ಯಾರಿಗೂ ಬೇಡವಾಗಿತ್ತು. ಆದರೂ ನಾವು ಸಂಗ್ರಹಕಾರರು ಇಡೀ ಟಿಕೆಟ್ಟಿಗೇ ಜಾಸ್ತಿ ದುಡ್ಡು ಕೊಡುತ್ತೇವೆ!

ದುಡಿದವರ ಸಾಮಾನಿನಲ್ಲಿ ಈ ತಮಾಷೆ ಇಲ್ಲ. ಅವರ ಕಾರ್ಡನ್ನೇ ನೋಡಿ. ಅದರಲ್ಲಿ ಹುಲಿಯೂ ಇಲ್ಲ, ಬಣ್ಣವೂ ಇಲ್ಲ. ತಾರೀಕು, ಊರು, ಮುಂದಿನ ಊರಿಗೆ ಎಷ್ಟು ಮೈಲಿ, ಅಷ್ಟೆ. ಮನೆಯವರು ಕಾಗದ ಬರೆಯಬೇಕೆಂದರೆ ಈ ಕಾರ್ಡು ನೋಡಿಯೇ ವಿಳಾಸ ಬರೆಯಬೇಕಿತ್ತು. ಆದರೆ ಹಳೇ ಕೆಲಸಗಾರರ ಕೈಗೆ ಅದನ್ನು ಕೊಟ್ಟು ನೋಡಿ. ಒಂದು ಸಾಲಿನ ಮೇಲೆ ಬೆರಳಿಟ್ಟು ‘ಇಲ್ಲಿ ಕೆಸರು’ ಎನ್ನುತ್ತಾರೆ. ಇನ್ನೊಂದು ಸಾಲಿಗೆ ‘ಇಲ್ಲಿ ಸ್ಟೇಷನ್ನಿಗೂ ಬಯಲಿಗೂ ಬಹಳ ದೂರ’. ಊರಿನ ದೇವಸ್ಥಾನ, ಕೋಟೆ, ಹೊಳೆ ಯಾವುದೂ ಅವರಿಗೆ ನೆನಪಿಲ್ಲ. ನೆನಪಿರುವುದು ನೆಲ. ಗೂಟ ಇಳಿಯಿತೋ ಕಲ್ಲು ಸಿಕ್ಕಿತೋ, ಚಕ್ರ ಹೂತಿತೋ ಬಿಟ್ಟಿತೋ, ಅಷ್ಟೇ.

ಗೂಟ ಹೊಡೆಯುವುದನ್ನು ಕೇಳಿಯೇ ತಿಳಿಯಬೇಕು. ಒಂದೇ ಗೂಟದ ಸುತ್ತ ಆರೇಳು ಜನ ನಿಂತು, ಸರದಿಯ ಮೇಲೆ, ತಾಳ ತಪ್ಪದೆ ಸಮ್ಮಟಿಗೆ ಬೀಸುತ್ತಿದ್ದರು. ಒಬ್ಬ ತಡಮಾಡಿದರೆ ಪಕ್ಕದವನ ಸಮ್ಮಟಿಗೆಗೆ ಅವನದು ತಾಗಬೇಕು. ಬೆಳಗ್ಗೆ ಬರಿ ಬಯಲು, ಮಧ್ಯಾಹ್ನಕ್ಕೆ ಸಾವಿರಾರು ಜನ ಕೂರುವ ಡೇರೆ. ಊಟದ ಡೇರೆ ಮಾತ್ರ ಎಲ್ಲಕ್ಕಿಂತ ಮೊದಲು ಏಳುತ್ತಿತ್ತು, ಊಟ ಸಿದ್ಧವಾದರೆ ಅದರ ಮೇಲೆ ಬಾವುಟ ಹಾರುತ್ತಿತ್ತು. ರಾತ್ರಿ ಒಳಗೆ ಆಟ ನಡೆಯುತ್ತಿರುವಾಗಲೇ ಹೊರಗೆ ಊಟದ ಡೇರೆ, ಪ್ರಾಣಿಗಳ ಡೇರೆ ಬಿಚ್ಚಿ ಗಾಡಿಗೆ ಏರಿಸುತ್ತಿದ್ದರು. ಅಂದರೆ ಆ ಗಾಡಿ ತುಂಬುವವರಿಗೆ ಜೋಕಾಲಿ ಆಟದ ಕೊನೆ ಜಿಗಿತ ಬರಿ ಚಪ್ಪಾಳೆಯ ಸದ್ದು. ಹತ್ತು ವರ್ಷ ಸರ್ಕಸ್ಸಿನಲ್ಲಿದ್ದೂ ಪೂರಾ ಆಟ ಒಮ್ಮೆಯೂ ನೋಡದವರು ಇದ್ದರೆ ಆಶ್ಚರ್ಯವಿಲ್ಲ.

ಊರೂರಿಗೆ ನೆಲ ಬದಲಾದರೂ ಒಂದು ಅಳತೆ ಬದಲಾಗುತ್ತಿರಲಿಲ್ಲ. ಸೈನ್ಯದಲ್ಲಿ ಕುದುರೆ ಸವಾರನಾಗಿದ್ದ ಫಿಲಿಪ್ ಆಸ್ಟ್ಲಿ 1768ರಲ್ಲಿ ಲಂಡನ್ನಿನಲ್ಲಿ ಸವಾರಿಯ ಆಟ ಶುರುಮಾಡಿದ. ಅವನ ಕಾಲದಲ್ಲೇ ನೆಲೆನಿಂತ 42 ಅಡಿ ಅಗಲದ ರಿಂಗ್ ಲೋಕಕ್ಕೆಲ್ಲ ಪದ್ಧತಿಯಾಯಿತು. ಸುತ್ತು ಓಡುವ ಕುದುರೆಯ ಬೆನ್ನ ಮೇಲೆ ನಿಲ್ಲುವವನಿಗೆ ಹಿಡಿತ ಕೊಡುವ ಅಳತೆ ಅದು. ಇದರಿಂದ ಇನ್ನೊಂದು ಲಾಭವೂ ಆಯಿತು. ಕಂಪನಿ ಬದಲಾದರೂ ಕುದುರೆಗೆ ಹೊಸ ಪಾಠ ಬೇಕಿರಲಿಲ್ಲ. ಸಂಬಳ, ಮಾಲೀಕ, ಭಾಷೆ ಎಲ್ಲ ಬೇರೆಯಾದ ಸವಾರನ ಪಾಡು ಮಾತ್ರ ಕುದುರೆಯಷ್ಟು ಸಲೀಸಾಗಿರಲಿಲ್ಲ.

ನೋಡಿದವರ ಪಂಗಡದಲ್ಲೂ ಡೇರೆಯ ಹಿಂಭಾಗಕ್ಕೆ ಮನಸೋತ ಒಬ್ಬರಿದ್ದರು. ಹೋವರ್ಡ್ ಟಿಬಲ್ಸ್ ಅವರ ಹೆಸರು, ಅಮೆರಿಕದವರು. ಹದಿನಾರರಲ್ಲಿ ಒಂದು ಪಾಲಿನ ಅಳತೆಗೆ ಇಡೀ ಸರ್ಕಸ್ಸನ್ನೇ ಕೈಯಾರೆ ಮಾಡಿದರು. ಅಲ್ಲಿನ ದೊಡ್ಡ ಸರ್ಕಸ್ ಕಂಪನಿ ರಿಂಗ್ಲಿಂಗ್ ತನ್ನ ಹೆಸರು ಬಳಸಲು ಒಪ್ಪಲಿಲ್ಲ. ಸರಿ, ತಮ್ಮದೇ ಹೆಸರಿಟ್ಟು ‘ಹೋವರ್ಡ್ ಬ್ರದರ್ಸ್ ಸರ್ಕಸ್’ ಅಂದರು. ಅದು ಈಗ ಫ್ಲಾರಿಡಾದ ಸಾರಸೋಟಾದಲ್ಲಿ, ಅದೇ ರಿಂಗ್ಲಿಂಗ್ ಹೆಸರಿನ ಮ್ಯೂಸಿಯಂನಲ್ಲಿದೆ! ಅದರಲ್ಲಿ ನನಗೆ ಇಷ್ಟವಾಗುವುದು ರಿಂಗ್ ಅಲ್ಲ, ಊಟದ ಡೇರೆ. ಒಳಗೆ ಮೇಜು, ತಟ್ಟೆ, ಚಮಚ ಎಲ್ಲ ಇವೆ.

ಕೂಡಿಡಲು ಕೈ ಹಿಂಜರಿಯುವ ಸಾಮಾನೂ ಇದೆ. ಆನೆಯ ಅಂಕುಶ, ಚಾವಟಿ, ಕಾಲಿನ ಸರಪಳಿ. ಭಾರತದಲ್ಲಿ ಹುಲಿ, ಸಿಂಹ, ಕರಡಿ, ಕೋತಿಗಳ ಆಟಕ್ಕೆ 1998ರ ಅಧಿಸೂಚನೆ ತಡೆ ಹಾಕಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ರಿಂಗ್ಲಿಂಗ್ ಸರ್ಕಸ್ 2016ರಲ್ಲಿ ಆನೆಗಳನ್ನು ಬಿಟ್ಟಿತು, 2017ರಲ್ಲಿ ತಾನೇ ಬಾಗಿಲು ಹಾಕಿತು, 2023ರಲ್ಲಿ ಪ್ರಾಣಿಗಳಿಲ್ಲದೆ ಮತ್ತೆ ಬಂತು. ಆಗಬೇಕಾದದ್ದೇ ಆಯಿತು ಎಂದು ನನಗನಿಸುತ್ತದೆ. ಹಾಗಂತ ಅಂಕುಶವನ್ನು ಎಸೆದು ಪೋಸ್ಟರಿನ ನಗುವ ಆನೆಯನ್ನಷ್ಟೇ ಇಟ್ಟುಕೊಂಡರೆ ಅದು ಸುಳ್ಳು ಲೆಕ್ಕ. ಇಡುವುದಾದರೆ ಎರಡನ್ನೂ ಅಕ್ಕಪಕ್ಕ ಇಡಬೇಕು.

ಇಷ್ಟರ ನಡುವೆ ಜೋಕರ್‌ಗಳನ್ನು ಮರೆತರೆ ಹೇಗೆ? ಒಬ್ಬ ಜೋಕರ್ ಮುಖಕ್ಕೆ ಬರೆದುಕೊಂಡ ಬಣ್ಣವನ್ನು ಇನ್ನೊಬ್ಬ ನಕಲು ಮಾಡಬಾರದು ಎನ್ನುವುದು ಅವರ ಮರ್ಯಾದೆ. ಲಂಡನ್ನಿನ ಸ್ಟಾನ್ ಬುಲ್ಟ್ ಎಂಬವರು 1946ರಿಂದ ಆ ಮುಖಗಳನ್ನು ಒಂದೊಂದಾಗಿ ದಾಖಲು ಮಾಡತೊಡಗಿದರು. ಯಾವುದರ ಮೇಲೆ ಗೊತ್ತಾ? ಒಳಗಿನದನ್ನು ಊದಿ ತೆಗೆದ ಕೋಳಿಮೊಟ್ಟೆಯ ಚಿಪ್ಪಿನ ಮೇಲೆ! ಎಷ್ಟೋ ಮೊಟ್ಟೆಗಳು ಆಮೇಲೆ ಒಡೆದುಹೋದವು. ಈಗ ಪಿಂಗಾಣಿ ಮೊಟ್ಟೆ ಬಳಸುತ್ತಾರೆ. ಬುದ್ಧಿವಂತಿಕೆ ಹೌದು, ಆದರೆ ಜೋಕರ್ ಮುಖಕ್ಕೆ ಮೊದಲಿನದೇ ಸರಿಯಿತ್ತು ಅಂತ ನನಗೆ.

ನೀವೂ ಸಂಗ್ರಹ ಶುರುಮಾಡುವ ಯೋಚನೆಯಲ್ಲಿದ್ದರೆ ಗೂಟದಿಂದ ಶುರುಮಾಡಿ. ಅದಕ್ಕೆ ಪೈಪೋಟಿ ಕಡಿಮೆ, ಮನೆಯವರ ಬೈಗುಳ ಮಾತ್ರ ಜಾಸ್ತಿ. ಮರದ ಗೂಟವಾದರೆ ಮೇಲೆ ಕಬ್ಬಿಣದ ಬಳೆ ಇದೆಯಾ ನೋಡಿ. ಏಟು ತಿಂದು ತಿಂದು ಬಳೆಯ ಮೇಲಿನ ಮರ ಸೇವಂತಿಗೆಯ ಹಾಗೆ ಅರಳಿರಬೇಕು. ತಲೆ ನುಣ್ಣಗಿರುವ ಗೂಟ ತೋರಿಸಿ ‘ಅಸಲಿ ಸರ್ಕಸ್ಸಿನದು ಸಾರ್’ ಅಂದರೆ, ದುಡ್ಡು ಜೇಬಿನಲ್ಲೇ ಇರಲಿ.