ಚಹಾಕ್ಕೆ ಬನ್ನಿ, ಬಿಸಿ ಭಜಿ ಕೇಳಬೇಡಿ

ಧಾರವಾಡದಲ್ಲಿ ಕೂತು ಈ ಮಾತು ಹೇಳೋದಕ್ಕೆ ಸ್ವಲ್ಪ ಧೈರ್ಯ ಬೇಕು. ಆದರೂ ಹೇಳುತ್ತೇನೆ. ಮನೆಗೆ ನಾಲ್ಕು ಜನರನ್ನು ಚಹಾಕ್ಕೆ ಕರೆದಾಗ ಮಿರ್ಚಿ ಭಜಿ ಕರಿಯಬಾರದು. ಉಳ್ಳಾಗಡ್ಡಿ ಭಜಿಯೂ ಬೇಡ. ಬಂದವರು ಕೂತ ಮೇಲೆ ಒಲೆಗೆ ಬಾಣಲೆ ಇಡಬೇಕಾದ ಯಾವ ತಿಂಡಿಯೂ ಬೇಡ.

ಭಜಿ ಮೇಲೆ ನನಗೇನೂ ಸಿಟ್ಟಿಲ್ಲ. ಜಿಟಿಜಿಟಿ ಮಳೆ ಹಿಡಿದ ದಿನ ಗಾಡಿ ಮುಂದೆ ನಿಂತು ಎರಡು ಮಿರ್ಚಿ ನಾನೂ ತಿನ್ನುತ್ತೇನೆ. ನನ್ನ ತಕರಾರು ಇಷ್ಟೇ: ಅದನ್ನು ಕರಿಯುವವಳು ಆ ಹೊತ್ತಿನಲ್ಲಿ ಎಲ್ಲಿರುತ್ತಾಳೆ? ಹೊರಗೆ ಯಾರೋ ಭಾರಿ ಕಥೆ ಹೇಳುತ್ತಿರುತ್ತಾರೆ, ಎಲ್ಲರೂ ನಗುತ್ತಿರುತ್ತಾರೆ. ಒಳಗೆ ಮನೆಯಾಕೆ ಜಾಲರಿ ಸೌಟು ಹಿಡಿದು ಎಣ್ಣೆ ನೋಡುತ್ತಾ ನಿಂತಿರುತ್ತಾಳೆ. ಭಜಿ ಬಿಸಿ ಇರಬೇಕು, ಹಾಗಾಗಿ ಒಂದೇ ಸಲ ಕರಿದಿಡುವ ಹಾಗಿಲ್ಲ. ಒಂದು ಘಾಣ ಹೊರಗೆ ಹೋಗುತ್ತದೆ, ತಾಟು ಖಾಲಿಯಾಗಿ ವಾಪಸ್ ಬರುತ್ತದೆ, ಮತ್ತೊಂದು ಘಾಣ. "ವೈನಿ, ನೀವೂ ಬರ್ರೀ, ಕೂಡ್ರ್ರೀ" ಅಂತ ಕೂಗುತ್ತಾರೆ. ಹಾಗೆ ಕೂಗಿದವರೇ "ಇನ್ನೆರಡ ಬಿಸಿವು ಬರ್ಲಿ" ಅಂತಲೂ ಅನ್ನುತ್ತಾರೆ. ಕಡೆಗೆ ಆಕೆ ಸೆರಗಿಗೆ ಕೈ ಒರೆಸಿಕೊಂಡು ಬರುವಾಗ ಮಂದಿ ಚಪ್ಪಲಿ ಹುಡುಕುತ್ತಿರುತ್ತಾರೆ. "ಭಾಳ ತ್ರಾಸ ತಗೊಂಡ್ರಿ ನೋಡ್ರಿ" ಅನ್ನುತ್ತಾರೆ. ಆಯ್ತು, ಟೀ ಪಾರ್ಟಿ ಮುಗೀತು.

ಊಟಕ್ಕೆ ಕರೆದರೆ ಹೀಗಾಗುವುದು ಸಹಜ. ರೊಟ್ಟಿ, ಎರಡು ಪಲ್ಯ, ಚಟ್ನಿ, ಏನಾದರೂ ಒಂದು ಸಿಹಿ, ಅನ್ನ, ಸಾರು. ಬೆಳಗಿನಿಂದ ರಾತ್ರಿ ತನಕ ಅದೇ ಕೆಲಸ. ಚಹಾಕ್ಕೆ ಕರೆಯುವುದರ ಸುಖವೇ ಬೇರೆ, ಅಥವಾ ಬೇರೆ ಆಗಿರಬೇಕು. ಬಂದವರ ಜೊತೆ ನಾನೂ ಕೂತು, ನನ್ನ ಕಪ್ಪಿನ ಚಹಾ ಬಿಸಿ ಇರುವಾಗಲೇ ಕುಡಿಯುವ ಹಾಗಿರಬೇಕು. ಅದಾಗದಿದ್ದರೆ ಊಟಕ್ಕೇ ಕರೆಯಬಹುದು, ಮರ್ಯಾದೆಯಾದರೂ ಜಾಸ್ತಿ ಸಿಗುತ್ತದೆ.

ನಮ್ಮದು ತುಂಬಿದ ಮನೆ. ಅತ್ತೆ, ಮಾವ, ನಾವಿಬ್ಬರು, ಮೈದುನ, ನೆಗೆಣ್ಣಿ, ಮಕ್ಕಳು. ನಾನು ಈ ಕಾನೂನು ತಂದಾಗ ಮೊದಲು ತಕರಾರು ಎತ್ತಿದವರು ಅತ್ತೆ. "ಬಂದವರಿಗೆ ತಣ್ಣಂದು ತಿನ್ನಾಕ ಕೊಡೂದೇನು? ಮಂದಿ ಏನಂದಾರು? ನಮ್ಮ ಪದ್ಧತಿ ಅಲ್ಲ ಅದು."

ಪದ್ಧತಿ ಅಂದ ಮೇಲೆ ನಾನೂ ಬಿಡಲಿಲ್ಲ. ಚಹಾವೇ ನಮ್ಮ ಮನೆಗಳಿಗೆ ಮೊನ್ನೆ ಮೊನ್ನೆ ಬಂದದ್ದು. 1930ರ ದಶಕದಲ್ಲಿ ಚಹಾ ಉದ್ಯಮದವರು ಊರೂರಿಗೆ ಜನರನ್ನು ಕಳಿಸಿ, ಹೇಗೆ ಮಾಡಬೇಕು ಅಂತ ತೋರಿಸಿಕೊಟ್ಟು, ಕುಡಿಸಿ ರುಚಿ ಹಚ್ಚಿದರು. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ ಕಾಳುಕಾಳಿನ ಸಿಟಿಸಿ ಪುಡಿ ಮಾಡುವ ಯಂತ್ರ ಅಸ್ಸಾಮಿನಲ್ಲಿ ಬಂದದ್ದೂ ಆ ದಶಕದಲ್ಲೇ. ಹಾಲು ಹಾಕಿ ಕುದಿಸಿದರೂ ಚಹಾ ಖಡಕ್ಕಾಗಿ ಇರುವುದು ಆ ಪುಡಿಯಿಂದ. ಅದಕ್ಕೂ ಹಿಂದೆ ಬಂದವರಿಗೆ ಬೆಲ್ಲ, ನೀರು, ಇಲ್ಲವೇ ಮಜ್ಜಿಗೆ ಕೊಡುತ್ತಿದ್ದರು. ಯಾವುದೂ ಒಲೆ ಮೇಲಿಂದ ಇಳಿದದ್ದಲ್ಲ.

ಇನ್ನು ಟೀ ಪಾರ್ಟಿ ಅನ್ನುವುದನ್ನು ಯಾರಿಂದ ಕಲಿತೆವೋ ಅವರ ಸುದ್ದಿ ಕೇಳಿ. ಇಂಗ್ಲೆಂಡಿನಲ್ಲಿ 1840ರ ಸುಮಾರಿಗೆ ಬೆಡ್‌ಫರ್ಡ್‌ನ ಡಚೆಸ್ ಅನ್ನಾ ಎಂಬಾಕೆ ಇದರ ರೂಢಿ ಹಾಕಿದಳು ಅಂತ ಹೇಳುತ್ತಾರೆ. ದೊಡ್ಡ ಮನೆಗಳಲ್ಲಿ ರಾತ್ರಿ ಊಟ ತಡ, ನಡುವೆ ಹೊಟ್ಟೆ ಚುರುಗುಟ್ಟುತ್ತಿತ್ತಂತೆ. ಚಹಾ, ಬ್ರೆಡ್ಡು, ಬೆಣ್ಣೆ, ಕೇಕು. ಎಲ್ಲ ಮೊದಲೇ ಮಾಡಿಟ್ಟದ್ದು. ಆಕೆಯ ಮನೆಯಲ್ಲಿ ಆಳುಕಾಳುಗಳಿಗೆ ಏನೂ ಕೊರತೆ ಇರಲಿಲ್ಲ. ಆದರೂ ತಣ್ಣಗಿನದನ್ನೇ ತಿಂದು ಗೆಳತಿಯರ ಜೊತೆ ಹರಟೆ ಹೊಡೆದಳು. ಆಳೂ ಇಲ್ಲ ಕಾಳೂ ಇಲ್ಲದ ನಾವು ಮಾತ್ರ ಬಿಸಿಬಿಸಿ ಕರಿಯುತ್ತಾ ನಿಲ್ಲಬೇಕು!

ಅತ್ತೆಗೆ ಡಚೆಸ್ ಕಥೆ ಹಿಡಿಸಲಿಲ್ಲ. ಗಿರ್ಮಿಟ್ ಹಿಡಿಸಿತು.

ಟೀ ಪಾರ್ಟಿಗೆ ಅಂತಲೇ ಯಾರೋ ಕಂಡುಹಿಡಿದಿದ್ದಾರೆ ಅನ್ನಿಸುವ ತಿಂಡಿ ಅದು. ಮಸಾಲೆ ಮಧ್ಯಾಹ್ನವೇ ಆಗುತ್ತದೆ: ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆಗೆ ಉಳ್ಳಾಗಡ್ಡಿ, ಟೊಮೆಟೊ, ಅರಿಶಿನ, ಹುಣಸೆ ರಸ, ಚೂರು ಬೆಲ್ಲ. ಎಣ್ಣೆ ಬಿಡುವ ತನಕ ಬಾಡಿಸಿ ಮುಚ್ಚಿಟ್ಟರೆ ಮುಗಿಯಿತು. ಚುರುಮುರಿ, ಪುಟಾಣಿ ಹಿಟ್ಟು, ಹೆಚ್ಚಿದ ಕೊತ್ತಂಬರಿ, ಹಸಿ ಉಳ್ಳಾಗಡ್ಡಿ, ಸೇವು ಎಲ್ಲ ಬೇರೆ ಬೇರೆ ಇರಲಿ. ಕಲಸುವುದು ಮಾತ್ರ ತಿನ್ನುವ ಹೊತ್ತಿಗೆ, ಬಂದವರ ಎದುರಿಗೇ. ಮೊದಲೇ ಕಲಸಿಟ್ಟರೆ ಚುರುಮುರಿ ಮೆತ್ತಗಾಗಿ ಕೆಲಸ ಕೆಡುತ್ತದೆ. ದೊಡ್ಡ ಬೋಗುಣಿಯನ್ನು ಪಡಸಾಲೆಯ ನಡುವೆ ಇಟ್ಟರೆ ನಮ್ಮ ಮಕ್ಕಳು ಮೊಣಕೈ ತನಕ ತೋಳೇರಿಸಿ ಕೂಡುತ್ತಾರೆ. ಮಸಾಲೆ ಬಿದ್ದ ಕೂಡಲೇ ಚುರುಮುರಿ ಚುರ್ ಅನ್ನುವ ಸಣ್ಣ ಸದ್ದು ಕೇಳಲಿಕ್ಕೆ ಕಿವಿ ಹತ್ತಿರ ತರುತ್ತಾರೆ. ಕಳೆದ ಸಲ ಬಂದಿದ್ದ ನಿವೃತ್ತ ಮೇಷ್ಟರೊಬ್ಬರು "ಹಿಟ್ಟು ಸಾಲಂಗಿಲ್ಲ ತಂಗಿ, ಇನ್ನೊಂದ ಮುಟಗಿ ಹಾಕು" ಅಂತ ಕುರ್ಚಿ ಬಿಟ್ಟು ಕೆಳಗೇ ಕೂತರು. ಆಮೇಲೆ ಏಳಲೇ ಇಲ್ಲ. ಅವರ ಜೊತೆ ಬಂದವರೂ ಚಾಪೆಗೆ ಇಳಿದರು. ಅತ್ತೆಯಂತೂ ಗ್ವಾಡಿಗೆ ಆತು ಕೂತು ಹಸಿಮೆಣಸಿನಕಾಯಿ ಕಡಿಯುತ್ತಾ ತಮ್ಮ ತವರಿನ ಸುದ್ದಿ ತೆಗೆದರು. ಭಜಿ ಕರಿಯುತ್ತಿದ್ದರೆ ಇದೆಲ್ಲ ನಮಗೆ ಗೋಡೆಯಾಚೆ ಕೇಳುತ್ತಿತ್ತು, ಅಷ್ಟೇ.

ಗಿರ್ಮಿಟ್ ಜೊತೆ ಡಬ್ಬಿಯಲ್ಲಿರುವ ಅವಲಕ್ಕಿ ಚೂಡಾ, ಶಂಕರಪಾಳೆ, ಬೇಕರಿ ಖಾರಿ. ಸಿಹಿಗೆ ಲೈನ್ ಬಜಾರಿನ ಪೇಡೆ ಇದ್ದೇ ಇದೆ. ಇದಕ್ಕೂ ಮಿಕ್ಕಿ ಮಿರ್ಚಿ ಬೇಕೇ ಬೇಕು ಅನ್ನುವವರು ಬರುವಾಗ ಗಾಡಿಯಿಂದ ಕಟ್ಟಿಸಿಕೊಂಡು ಬರಲಿ. ನಾನು ಇದನ್ನು ಬಾಯಿ ಬಿಟ್ಟೇ ಹೇಳುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಮನೆ ಒಪ್ಪ ಮಾಡುವ ವಿಷಯ ಜಾಸ್ತಿ ಮಾತಾಡುವಂಥದ್ದೇನಲ್ಲ. ಕಸ ಹೊಡೆದಿರಬೇಕು, ಬಚ್ಚಲು ಸ್ವಚ್ಛ ಇರಬೇಕು, ಸಾಕು. ಸೋಫಾದ ಮೇಲೆ ಅರ್ಧ ಬರೆದ ಹೋಮ್‌ವರ್ಕ್ ಇದ್ದರೆ ಇರಲಿ. ಮಾವನವರು ಟಿವಿ ಧ್ವನಿ ಸಣ್ಣದು ಮಾಡಿ ನ್ಯೂಸ್ ನೋಡುತ್ತಲೇ ಇರುತ್ತಾರೆ. ಚಹಾ ಬಂದಾಗ ಬಸಿಗೆ ಸುರುವಿಕೊಂಡು ಸೊರ್ ಅಂತ ಎಳೆಯುತ್ತಾರೆ. ಮೊದಮೊದಲು ನನ್ನ ಗಂಡ ಅವರಿಗೆ ಕಣ್ಸನ್ನೆ ಮಾಡುತ್ತಿದ್ದರು. ಈಗ ಬಂದವರಲ್ಲಿ ಒಬ್ಬಿಬ್ಬರು ತಾವೂ ಬಸಿ ಕೇಳುತ್ತಾರೆ. ಬಿಸಿ ಚಹಾ ಬೇಗ ಕುಡಿಯಲಿಕ್ಕೆ ಅದಕ್ಕಿಂತ ಸಲೀಸು ಯಾವುದಿದೆ?

ನಿಜವಾದ ಜಗಳ ಸಕ್ಕರೆಯದು. ಒಬ್ಬರಿಗೆ ಶುಗರ್, ಒಬ್ಬರಿಗೆ ಅರ್ಧ ಚಮಚ, ಇನ್ನೊಬ್ಬರಿಗೆ ಪಾಕದ ಹಾಗಿರಬೇಕು. ಸಕ್ಕರೆ ಇಲ್ಲದೆ ಕುದಿಸಿ ಬಟ್ಟಲು, ಚಮಚ ಹೊರಗಿಡೋಣ ಅಂದೆ. "ಸಕ್ಕರಿ ಚಹಾದಾಗ ಕುದೀಬೇಕು, ಮ್ಯಾಲಿಂದ ಹಾಕಿದ್ರ ಅದು ಔಷಧ ಆಕ್ಕೈತಿ" ಅಂತ ಅತ್ತೆ ತೀರ್ಪು ಕೊಟ್ಟರು. ಈ ವಿಷಯದಲ್ಲಿ ಅವರ ಮಾತಿಗೆ ನನ್ನ ಓಟು. ಹಾಗಾಗಿ ಎರಡು ಪಾತ್ರೆ. ಸಕ್ಕರೆ ಇಲ್ಲದ್ದರ ಹಿಡಿಕೆಗೆ ಕೆಂಪು ದಾರ ಕಟ್ಟಿದ್ದೇವೆ. ಒಮ್ಮೆ ದಾರ ಬಿಚ್ಚಿ ಹೋಗಿ ಶುಗರ್ ಇರುವವರೊಬ್ಬರು ಸಿಹಿ ಚಹಾ ಪೂರ್ತಿ ಕುಡಿದು, ಕಪ್ಪು ಕೆಳಗಿಟ್ಟ ಮೇಲೆ ಹೇಳಿದರು. ತಪ್ಪಿ ಬಂದದ್ದು ಅಂತ ಅವರಿಗೆ ಮೊದಲ ಗುಟುಕಿಗೇ ಗೊತ್ತಾಗಿತ್ತು ಅನ್ನುವುದು ಅವರ ಹೆಂಡತಿಯ ಆರೋಪ.

ಇನ್ನು ಎರಡನೇ ಸುತ್ತು. ಹರಟೆ ರಂಗೇರುವುದೇ ಆಗ. "ಅರ್ಧರ್ಧಾ ಕಪ್ ಆಗ್ಲಿ" ಅಂತ ಯಾರೋ ಅಂದರೆ ಮನೆಯ ಹೆಂಗಸರೆಲ್ಲ ಎದ್ದು ಒಳಗೆ ಹೋಗುವುದೂ ಆಗಲೇ. ಥರ್ಮಾಸಿನಲ್ಲಿ ಮಾಡಿಡಬಹುದು, ಆದರೆ ಹಾಲಿನ ಚಹಾ ಅದರಲ್ಲಿ ಕೂತರೆ ಒಂಥರಾ ವಾಸನೆ. ಅದಕ್ಕೆ ನಾನೂ ನೆಗೆಣ್ಣಿಯೂ ಮಾತಾಡಿಕೊಂಡು ಎರಡನೇ ಸುತ್ತನ್ನು ಮೈದುನನಿಗೆ ಒಪ್ಪಿಸಿದೆವು. ಶುಂಠಿ ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಯಬೇಕು, ಹಸಿ ಶುಂಠಿ ಹಾಲಿಗೆ ಬಿದ್ದರೆ ಹಾಲು ಒಡೆಯಬಹುದು, ಇಷ್ಟು ಹೇಳಿಕೊಟ್ಟದ್ದು ನಾವು. ಮಿಕ್ಕದ್ದು ಅವನದೇ ಕೈಚಳಕ. ಬಂದ ಗಂಡಸರು "ಏನ್ ಚಹಾಪಾ, ಹೊಟೆಲ್ ಇಡು ನೀ" ಅಂತ ಹೊಗಳಿದ್ದೇ ಹೊಗಳಿದ್ದು. ನಾವು ಇಷ್ಟು ವರ್ಷ ಮಾಡಿದ್ದಕ್ಕೆ ಇಂಥ ಮಾತು ಬಂದದ್ದು ನೆನಪಿಲ್ಲ. ಅದು ಹೋಗಲಿ. ಅವನಂತೂ ಈಗ ಯಾರಾದರೂ ಕಪ್ಪು ಕೆಳಗಿಡುವುದನ್ನೇ ಕಾಯುತ್ತಾನೆ.

ಅವನ ಚಹಾದಲ್ಲಿ ಶುಂಠಿ ಜಾಸ್ತಿ, ಗಂಟಲು ಉರಿಯುತ್ತದೆ. ನೆಗೆಣ್ಣಿಗೂ ಗೊತ್ತು, ಅತ್ತೆಗೂ ಗೊತ್ತು. ಒಬ್ಬರೂ ಬಾಯಿ ಬಿಡುವುದಿಲ್ಲ. ಇದನ್ನು ಓದುತ್ತಿರುವ ನೆಂಟರೇ, ನೀವೂ ದಯವಿಟ್ಟು ಬಿಡಬೇಡಿ.