ಫ್ಲೋರ್ ಮಾಮ

ನಮ್ಮ ಅಕ್ಕನ ಮಗಳದ್ದು ಒಂದು ನೃತ್ಯ ತಂಡ ಇದೆ. ಕುಣಿಯುವವರು ಐದು ಜನ, ಲೈಟಿಗೆ ಒಬ್ಬ, ಆಮೇಲೆ ನಾನು. ಪ್ರತಿ ಪ್ರದರ್ಶನದ ಕರಪತ್ರದಲ್ಲೂ ಕಟ್ಟಕಡೆಗೆ, 'ವಾಹನ'ದ ಕೆಳಗೆ, 'ನೆಲ' ಅಂತ ಬರೆದು ನನ್ನ ಹೆಸರು ಹಾಕಿರುತ್ತಾರೆ. ಬ್ಯಾಂಕಿನಲ್ಲಿ 31 ವರ್ಷ ಸವೆದು ನಿವೃತ್ತನಾದ ಮೇಲೆ ಸಿಕ್ಕ ಬಡ್ತಿ ಇದು. ಹುಡುಗರೆಲ್ಲ ಫ್ಲೋರ್ ಮಾಮ ಅಂತಲೇ ಕರೆಯುತ್ತಾರೆ.

ನೆಲ ಅಂದ್ರೆ ಸುಮ್ನೆ ಅಂದ್ಕೋಬೇಡಿ. ಕಂಟೆಂಪರರಿ ಡಾನ್ಸಿನವರು ನಿಂತು ಕುಣಿಯುವುದು ಕಡಿಮೆ. ಹೊರಳುತ್ತಾರೆ, ಜಾರುತ್ತಾರೆ, ಭುಜದ ಮೇಲೆ ಬಿದ್ದು ಇನ್ನೊಂದು ಕಡೆ ಏಳುತ್ತಾರೆ. ಹಲಗೆಯ ವೇದಿಕೆಯ ಮೇಲೆ ಹಾಗೆ ಮಾಡಿದರೆ ಬೆನ್ನಿಗೆ ಮರದ ಸಿಬಿರು ಗ್ಯಾರಂಟಿ. ಅದಕ್ಕೇ ಕಪ್ಪು ವಿನೈಲ್ ಹಾಸು ಬೇಕು. ಎಲ್ಲರೂ ಅದನ್ನು ಮಾರ್ಲೆ ಅಂತಾರೆ. ಮಾರ್ಲೆ ಅನ್ನೋದು ಇಂಗ್ಲೆಂಡಿನ ಒಂದು ಕಂಪನಿಯ ಹೆಸರು. ಅವರು ಅದನ್ನು ಮಾಡುವುದು ಬಿಟ್ಟು ಎಷ್ಟೋ ವರ್ಷ ಆಗಿದೆ, ಹೆಸರು ಮಾತ್ರ ಉಳಿದುಕೊಂಡಿದೆ, ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ. ನಮ್ಮ ಹತ್ತಿರ ಐದು ಸುರುಳಿ ಇದೆ. ಒಂದೊಂದೂ ನಲವತ್ತು ಕಿಲೋ, ಎರಡು ಮೀಟರ್ ಅಗಲ. ಲಿಫ್ಟಿಗೆ ಹಿಡಿಯಲ್ಲ, ಮೆಟ್ಟಿಲಲ್ಲಿ ತಿರುಗಲ್ಲ. ಹೀಗಾಗಿ ನಮ್ಮನೆ ಮೆಟ್ಟಿಲ ಕೆಳಗೆ, ನೀರಿನ ಮೋಟಾರಿನ ಪಕ್ಕದಲ್ಲಿ ವಾಸ. ಪ್ರದರ್ಶನದ ದಿನ ಟಾಟಾ ಏಸ್‌ನಲ್ಲಿ ಹೇರಿಕೊಂಡು ಹೋಗಿ, ಬಿಚ್ಚಿ, ಸುಕ್ಕು ಬಿಡಿಸಿ, ಅಂಚಿಗೆ ಅಂಚು ಕೂಡಿಸಿ ಕಪ್ಪು ಟೇಪ್ ಹಚ್ಚಬೇಕು. ಟೇಪ್ ಒಂದು ಕೂದಲೆಳೆ ಎದ್ದಿದ್ದರೂ ಯಾರದೋ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ನಾನು ಇಡೀ ಜೀವನದಲ್ಲಿ ಇಷ್ಟು ಹೊತ್ತು ಅಂಬೆಗಾಲಿಟ್ಟಿದ್ದು ಒಂದು ಮಗುವಾಗಿದ್ದಾಗ, ಇನ್ನೊಂದು ಈಗ.

ನಮ್ಮಕ್ಕನಿಗೆ ಇದ್ಯಾವುದೂ ಸೇರಲ್ಲ. "ಒಂಬತ್ತು ವರ್ಷ ಭರತನಾಟ್ಯ ಕಲಿಸಿದೆ. ಈಗ ನೋಡಿದ್ರೆ ನೆಲದ ಮೇಲೆ ಹೊರಳಾಡ್ತಾಳೆ. ಉರುಳುಸೇವೆ ಮಾಡೋದಿದ್ರೆ ದೇವಸ್ಥಾನಕ್ಕೆ ಹೋಗ್ಲಿ, ಪುಣ್ಯನಾದ್ರೂ ಬರತ್ತೆ" ಅಂತಾಳೆ. ಮಗಳು ಬಿಡುವವಳಲ್ಲ. ಮಲ್ಲೇಶ್ವರದಲ್ಲಿ ಹುಟ್ಟಿದ ಮಾಯಾ ರಾವ್ 1960ರ ದಶಕದಲ್ಲೇ ರಷ್ಯಾಕ್ಕೆ ಹೋಗಿ ಕೊರಿಯೋಗ್ರಫಿ ಕಲಿತು ಬಂದರು, ಬೆಂಗಳೂರಿನ ಕಂಟೆಂಪರರಿ ಡಾನ್ಸ್ ಸಂಸ್ಥೆ ಆಟ್ಟಕ್ಕಳರಿ ಶುರುವಾಗಿದ್ದು 1992ರಲ್ಲಿ, ಇದು ಹೊಸದೇನಲ್ಲಮ್ಮ ಅಂತ ಪಾಠ ಒಪ್ಪಿಸುತ್ತಾಳೆ. ಅಕ್ಕ ಎಲ್ಲ ಕೇಳಿ, "ಅವರೂ ಹೊರಳಾಡ್ತಿದ್ರಾ?" ಅಂತ ಕೇಳಿದಳು.

ನನಗೆ ಈ ನೃತ್ಯ ಅರ್ಥ ಆಗುತ್ತಾ ಅಂದ್ರೆ, ಅರ್ಧ. ಒಮ್ಮೆ ಸೊಸೆಯನ್ನೇ ಕೇಳಿದ್ದೆ. (ಅಕ್ಕನ ಮಗಳು ಅಂದ್ರೆ ನನಗೆ ಸೊಸೆಯೇ ಅಲ್ವಾ.) ಅವಳು 1957ರ ಕತೆ ಹೇಳಿದಳು. ನ್ಯೂಯಾರ್ಕಿನಲ್ಲಿ ಪಾಲ್ ಟೇಲರ್ ಅನ್ನುವವರು ಒಂದು ನೃತ್ಯ ಮಾಡಿದರಂತೆ. ಅವರು ನಿಂತಿದ್ದರು, ಪಕ್ಕದಲ್ಲಿ ಒಬ್ಬಾಕೆ ಕೂತಿದ್ದರು. ಅಷ್ಟೇ. ಇಬ್ಬರೂ ಅಲ್ಲಾಡಲಿಲ್ಲ. ಲೂಯಿ ಹೋರ್ಸ್ಟ್ ಅನ್ನುವ ವಿಮರ್ಶಕರು ಪತ್ರಿಕೆಯಲ್ಲಿ ವಿಮರ್ಶೆಯ ಜಾಗವನ್ನು ಖಾಲಿ ಬಿಟ್ಟು ಕೆಳಗೆ ತಮ್ಮ ಹೆಸರಿನ ಎರಡಕ್ಷರ ಹಾಕಿದರಂತೆ. ನಮ್ಮ ಪ್ರದರ್ಶನಗಳ ವಿಮರ್ಶೆ ಇದುವರೆಗೆ ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಖಾಲಿ ಜಾಗವನ್ನೂ ಯಾರೂ ಬಿಟ್ಟಿಲ್ಲ.

ವಿಷಯಕ್ಕೆ ಬರ್ತೀನಿ. ಆರಂಭದ ದಿನಗಳಲ್ಲಿ ಒಂದು ಕಡೆ ನೆಲ ವಿಪರೀತ ಜಾರುತ್ತಿತ್ತು. ಲೈಟಿನ ಹುಡುಗ, "ಮಾಮ, ಕೋಲಾಗೆ ನೀರು ಬೆರೆಸಿ ಒರೆಸಿ, ಹಿಡಿತ ಬರತ್ತೆ" ಅಂದ. ನಾಟಕದವರೂ ಡಾನ್ಸಿನವರೂ ಬಹಳ ಕಾಲದಿಂದ ಮಾಡುವ ಉಪಾಯವಂತೆ. ಸಕ್ಕರೆಯ ಅಂಟು ಕಾಲನ್ನು ಹಿಡಿಯುತ್ತದೆ. ಅಂಗಡಿಗೆ ಓಡಿದೆ. ನನಗೆ ಶುಗರ್ ಇದೆ. ಕೈ ತಾನಾಗಿಯೇ ಸಕ್ಕರೆ ಇಲ್ಲದ ಬಾಟಲಿಗೆ ಹೋಯಿತು. ಅದನ್ನೇ ತಂದು ಶ್ರದ್ಧೆಯಿಂದ ಇಡೀ ವೇದಿಕೆ ಒರೆಸಿದೆ. ನೆಲಕ್ಕೆ ಡಯಾಬಿಟಿಸ್ ಬರಲಿಲ್ಲ, ನಿಜ. ಆದರೆ ಹಿಡಿತವೂ ಬರಲಿಲ್ಲ. ಆ ಸಂಜೆ ನಮ್ಮ ಸಾಫ್ಟ್‌ವೇರ್ ಹುಡುಗ ಎಡಗಡೆಯಿಂದ ಪ್ರವೇಶ ಮಾಡಿದವನು ನಿಲ್ಲಲಾಗದೆ ಬಲಗಡೆಯಿಂದ ಹೊರಟೇ ಹೋದ.

ಈ ಅವಮಾನ ನನ್ನ ಮನಸ್ಸಿನಲ್ಲಿ ಕೂತಿತ್ತು. ಮುಂದಿನ ಸಲ ಎರಡು ಲೀಟರ್ ಅಸಲಿ ಕೋಲಾ ತಂದೆ. ನೀರು ಬೆರೆಸಲಿಲ್ಲ. ನೆಲ ಹೇಗೆ ಹಿಡಿಯಿತು ಅಂದ್ರೆ, ನಡೆದರೆ ಚಪ್ ಚಪ್ ಅಂತ ಸದ್ದು. ಸಂಗೀತದ ಜೊತೆ ಅದೂ ಸೇರಿ ಚೆನ್ನಾಗೇ ಇತ್ತು. ಮುಗಿದ ಮೇಲೆ ರಾತ್ರಿ ಹತ್ತೂವರೆ, ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ, ಒರೆಸದೆ ಹಾಗೇ ಸುತ್ತಿಬಿಟ್ಟೆ. ಮೆಟ್ಟಿಲ ಕೆಳಗೆ ಹದಿನೈದು ದಿನ ಇತ್ತು.

ಮುಂದಿನ ಪ್ರದರ್ಶನಕ್ಕೆ ಅಕ್ಕ ಮೊದಲ ಸಲ ಬರಲು ಒಪ್ಪಿದ್ದಳು. ರಂಗಶಂಕರದಲ್ಲಾದರೆ ಏಳೂವರೆ ಅಂದ್ರೆ ಏಳೂವರೆ, ತಡವಾಗಿ ಬಂದವರಿಗೆ ಬಾಗಿಲು ತೆರೆಯಲ್ಲ. ನಮ್ಮ ಮಟ್ಟದ ಸಣ್ಣ ಜಾಗಗಳಲ್ಲಿ ಹಾಗೆಲ್ಲ ಗತ್ತು ತೋರಿಸಲಾಗದು. ಎಂಟು ಗಂಟೆಗೆ ಬಂದವರನ್ನೂ ಕೈಹಿಡಿದು ಕೂರಿಸುತ್ತೇವೆ. ಅಕ್ಕ ಏಳಕ್ಕೇ ಬಂದು, ಬೀದಿಯ ಮೂವರು ಹೆಂಗಸರ ಜೊತೆ ಮುಂದಿನ ಸಾಲಿನಲ್ಲಿ ಕೂತಳು.

ಅವತ್ತಿನ ನೃತ್ಯದ ಮಧ್ಯೆ ನಾಲ್ಕು ನಿಮಿಷ ಐದೂ ಜನ ನೆಲದ ಮೇಲೆ ಅಲ್ಲಾಡದೆ ಮಲಗಿರಬೇಕು. ನೀಲಿ ಬೆಳಕು. ಸಂಗೀತ ಇಲ್ಲ. ನಾನು ವಿಂಗ್‌ನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ, ಕಣ್ಣು ನೆಲದ ಮಟ್ಟಕ್ಕೇ ಇತ್ತು. ನಾನು ಹಚ್ಚಿದ ಟೇಪಿನ ಉದ್ದಕ್ಕೂ ಏನೋ ಸಣ್ಣಗೆ ಹರಿದ ಹಾಗಾಯಿತು. ಬಗ್ಗಿ ನೋಡಿದರೆ ಕೆಂಪಿರುವೆ. ಸುರುಳಿಯೊಳಗೇ ಸಂಸಾರ ಹೂಡಿದ್ದವು, ಲೈಟಿನ ಬಿಸಿಗೆ ಹೊರಗೆ ಬಂದಿದ್ದವು. ಎಂಥಾ ಸಾಲು ಅಂತೀರಿ! ನಮ್ಮ ಐವರು ಆರು ತಿಂಗಳ ರಿಹರ್ಸಲ್‌ನಲ್ಲಿ ಒಮ್ಮೆಯೂ ಅಷ್ಟು ನೆಟ್ಟಗೆ ಸಾಲಾಗಿ ಹೋದವರಲ್ಲ.

ಕಳರಿಪಯಟ್ಟು ಕಲಿತ ಹುಡುಗ ಕದಲಲಿಲ್ಲ. ಆಮೇಲೆ ಎಣಿಸಿದಾಗ ಬೆನ್ನಲ್ಲಿ ಹನ್ನೊಂದು ದದ್ದು. ಸಾಫ್ಟ್‌ವೇರ್ ಹುಡುಗ ಒಂದು ಕಾಲನ್ನು ಇನ್ನೊಂದಕ್ಕೆ ಮೆಲ್ಲಗೆ ಉಜ್ಜುತ್ತಾ, ಅದೂ ಕಲೆಯೇ ಎಂಬಂತೆ ಮುಖ ಮಾಡಿದ್ದ. ಫಜೀತಿಯಾಗಿದ್ದು ಭರತನಾಟ್ಯದಿಂದ ಬಂದ ಹುಡುಗಿಗೆ. "ಮುಖ ಖಾಲಿ ಇರಲಿ, ಅಭಿನಯ ಬೇಡ" ಅಂತ ಸೊಸೆ ಎರಡು ವರ್ಷದಿಂದ ಅವಳ ಬೆನ್ನು ಹತ್ತಿದ್ದಳು. ಈಗ ಆ ಮುಖದಲ್ಲಿ ಒಂದೊಂದೇ ರಸ ಬರತೊಡಗಿತು. ಮೊದಲು ಅದ್ಭುತ. ಆಮೇಲೆ ಭಯಾನಕ. ಇರುವೆ ಮೊಣಕಾಲು ದಾಟಿದಾಗ ರೌದ್ರ. ಶಾಂತ ಮಾತ್ರ ಬರಲಿಲ್ಲ.

ಸಭಿಕರು ಉಸಿರು ಬಿಗಿಹಿಡಿದು ಕೂತಿದ್ದರು. ಆಗ ಮುಂದಿನ ಸಾಲಿನಿಂದ ಅಕ್ಕನ ದನಿ ಕೇಳಿತು. "ಅಯ್ಯೋ, ಇರುವೆ ಕಣೇ! ಏಳ್ರೇ!"

ಮೂವತ್ತು ವರ್ಷ ಸಕ್ಕರೆ ಡಬ್ಬಿ ಕಾದವಳ ಕಣ್ಣು ಅದು. ಐದೂ ಜನ ಒಟ್ಟಿಗೆ ಎದ್ದರು. ಎದ್ದವರು ಸುಮ್ನೆ ನಿಲ್ಲಲಿಲ್ಲ, ಕೊಡವಿಕೊಂಡರು, ಹಾರಿದರು, ಒಬ್ಬರ ಬೆನ್ನು ಒಬ್ಬರು ತಟ್ಟಿದರು. ಅವತ್ತಿನ ಮಟ್ಟಿಗೆ ಚಪ್ಪಾಳೆ ಬಿದ್ದಿದ್ದು ಅದಕ್ಕೊಂದೇ.

ಸೊಸೆ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಅಕ್ಕ ಇರುವೆ ಸೀಮೆಸುಣ್ಣ ತಂದಳು. ಮುಖ ಇಟ್ಟು ಹೊರಳುವ ನೆಲಕ್ಕೆ ವಿಷ ಬಳಿಯಲಾಗುತ್ತದೆಯೇ? ಕೊನೆಗೆ ಭಾನುವಾರ ಎಲ್ಲರೂ ಸೇರಿ ಐದೂ ಸುರುಳಿಯನ್ನು ನಮ್ಮ ತಾರಸಿಗೆ ಹಗ್ಗ ಕಟ್ಟಿ ಎಳೆದೆವು. ಬಿಸಿನೀರು, ನಿಂಬೆಹಣ್ಣಿನ ಹೋಳು, ತೆಂಗಿನಕಡ್ಡಿ ಪೊರಕೆ. ಯಜಮಾನಿಕೆ ಅಕ್ಕನದು. ಸೀರೆ ಎತ್ತಿ ಸಿಕ್ಕಿಸಿಕೊಂಡು, "ನಿಮಗೆ ಗುಡಿಸೋಕೂ ಬರಲ್ಲ" ಅಂತ ಒದ್ದೆ ವಿನೈಲ್ ಮೇಲೆ ಕಾಲಿಟ್ಟಳು. ಇಟ್ಟವಳು ಹೊರಟಳು. ಪೊರಕೆಯನ್ನು ಮುಂದೆ ಹಿಡಿದು, ಭರತನಾಟ್ಯದ ಅರಮಂಡಿಯಲ್ಲಿ ಬಾಗಿ, ಬೀಳದೆ, ನಿಧಾನವಾಗಿ ಅರ್ಧ ಸುತ್ತು ತಿರುಗುತ್ತಾ, ಹತ್ತಡಿ ದೂರದ ನೀರಿನ ಟ್ಯಾಂಕಿನವರೆಗೂ ಹೋಗಿ ಅದನ್ನು ತಬ್ಬಿಕೊಂಡು ನಿಂತಳು.

ಯಾರೂ ನಗಲಿಲ್ಲ. ಧೈರ್ಯ ಬೇಕಲ್ಲ. ಸೊಸೆ ಮಾತ್ರ ಫೋನ್ ತೆಗೆದು, "ಅಮ್ಮಾ, ಇನ್ನೊಂದ್ಸಲ ಹಾಗೇ ಮಾಡು, ರೆಕಾರ್ಡ್ ಮಾಡ್ಕೋತೀನಿ" ಅಂದಳು. ಪೊರಕೆ ನೇರ ಅವಳ ಕಡೆ ಹಾರಿ ಬಂತು.

ಹೊಸ ನೃತ್ಯದಲ್ಲಿ ಆ ಜಾರು ಇದೆ, ಪೊರಕೆ ಸಮೇತ. ಕರಪತ್ರ ಬಂದ ದಿನ ಅಕ್ಕ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಬೆರಳಿಟ್ಟು ಓದಿದಳು. 'ಚಲನೆಯ ಕಲ್ಪನೆ' ಅಂತ ಅವಳ ಹೆಸರು ಮೂರನೇ ಸಾಲಿನಲ್ಲಿತ್ತು. ಓದಿ ಮುಗಿಸಿ ಕರಪತ್ರವನ್ನು ನನ್ನ ಮುಂದೆ ಹಿಡಿದಳು.

"ನೀನು ಇನ್ನೂ ವಾಹನದ ಕೆಳಗೇ ಇದ್ದೀಯಲ್ಲೋ" ಅಂದಳು.