ಗೊದ್ದ ಬಂದು ಕ್ಯಾಮೆರಾಗೆ ಗುದ್ದಿತು

ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಒಬ್ಬ ಡಾಕ್ಟರನ ಟಿವಿ ಧಾರಾವಾಹಿ, ಹಳೇ 'ಡಾಕ್ಟರ್ ಹೂ' ನೋಡುವವರು ಕಥೆ ನೋಡುವುದಿಲ್ಲ. ಕಥೆ ಅವರಿಗೆ ಬಾಯಿಪಾಠ. ಅವರು ಕಾಯುವುದು ತಪ್ಪುಗಳಿಗೆ. ಗೋಡೆ ಎಲ್ಲಿ ಅಲ್ಲಾಡುತ್ತದೆ, ಡಾಕ್ಟರ್ ಎಲ್ಲಿ ಮಾತು ಮರೆಯುತ್ತಾನೆ, ಎಲ್ಲವೂ ಗೊತ್ತು. ಆದರೂ ಆ ಗಳಿಗೆ ಬಂದಾಗ ಮೊದಲ ಸಲ ನೋಡಿದ ಹಾಗೆ ಚಪ್ಪಾಳೆ ಹೊಡೆಯುತ್ತಾರೆ. ಹೊರಗಿನವರು ಯಾರಾದರೂ ನಕ್ಕರೆ ಮಾತ್ರ ಮುಖ ಗಂಟು ಹಾಕಿಕೊಳ್ಳುತ್ತಾರೆ.

ಈ ಗುಂಪಿಗೆ ನನ್ನನ್ನು ಎಳೆದು ತಂದದ್ದು ಆಫೀಸಿನ ಗೆಳೆಯ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಚಳಿಗಾಲದ ಶನಿವಾರ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಹೊರಗೆ ಮಳೆ. ಯಾರು ಏನು ನೋಡೋಣ ಅಂದರೂ ಹೂಂ ಅನ್ನುವ ಸ್ಥಿತಿ. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಶುರುವಾದ ಧಾರಾವಾಹಿಯನ್ನು ಮೊದಲಿನಿಂದ ಒಂದೂ ಕಂತು ಬಿಡದೆ ಮತ್ತೆ ನೋಡಬೇಕು ಅನ್ನುವುದು ಇವರ ಹಠ. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬಾಕೆ ನರ್ಸ್, ಒಬ್ಬ ಪ್ಲಂಬರ್, ನನ್ನ ಗೆಳೆಯ, ನಾನು. ಸರದಿ ಪ್ರಕಾರ ಒಬ್ಬೊಬ್ಬರ ಮನೆ. ನನ್ನ ಸರದಿ ಬರುವ ಹೊತ್ತಿಗೆ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದಳು. ಅವಳು ಕರಿದ ಚಕ್ಕುಲಿ ತಿಂದ ಮೇಲೆ ಸರದಿ ಅನ್ನುವುದೇ ಹೋಯಿತು. ಎಲ್ಲ ಶನಿವಾರವೂ ನಮ್ಮ ಮನೆ.

ಅಮ್ಮನಿಗೆ ಇಂಗ್ಲಿಷ್ ಅರ್ಥವಾಗುತ್ತದೆ, ಮಾತಾಡುವುದಿಲ್ಲ. ಅವಳ ಮೊದಲ ಪ್ರಶ್ನೆ, "ಆ ಅಜ್ಜನಿಗೆ ಎಷ್ಟು ವಯಸ್ಸೋ?" ಅಜ್ಜ ಅಂದರೆ ವಿಲಿಯಂ ಹಾರ್ಟ್‌ನೆಲ್, ಡಾಕ್ಟರ್ ಪಾತ್ರ ಮಾಡಿದ ಮೊದಲ ನಟ. ಶುರುವಾದಾಗ ಅವರಿಗೆ 55 ಅಂತ ಮೇಷ್ಟ್ರು ಹೇಳಿದರು. ಅಮ್ಮನಿಗೆ 68. "ನನಗಿಂತ ಚಿಕ್ಕೋನು! ಬಿಳೀ ವಿಗ್ ಹಾಕ್ಕೊಂಡು ಎಲ್ಲರನ್ನೂ ಗದರಿಸ್ತಾ ಇದಾನಲ್ಲ!" ಅಂದಳು. ಅಂದಿನಿಂದ ಡಾಕ್ಟರಿಗೆ ನಮ್ಮನೆಯಲ್ಲಿ ಏಕವಚನ.

ಹಾರ್ಟ್‌ನೆಲ್ ಮಾತು ತಪ್ಪುವುದು ಈ ಜನಕ್ಕೆ ಹಬ್ಬ. ಆಗ ವಿಡಿಯೋ ಟೇಪು ದುಬಾರಿ. ಕತ್ತರಿಸಿ ಅಂಟಿಸುವುದು ಇನ್ನೂ ದುಬಾರಿ. ಹಾಗಾಗಿ ನಾಟಕ ಆಡಿದ ಹಾಗೆ ಒಂದೇ ಓಟದಲ್ಲಿ ಚಿತ್ರೀಕರಣ. ತಪ್ಪಾದರೆ ಆಯ್ತು, ಮುಂದೆ ಹೋಗು. ಡಾಲೆಕ್ ಎಂಬ ವೈರಿಗಳ ಮೊದಲ ಕಥೆಯಲ್ಲಿ ವಿಕಿರಣಕ್ಕೆ ಔಷಧಿ ಅನ್ನಬೇಕಾದ ಕಡೆ ವಿಕಿರಣಕ್ಕೆ ಕೈಗವಸು ಅಂದು, ಥಟ್ಟನೆ ತಿದ್ದಿಕೊಂಡು, ಏನೂ ಆಗದವರ ಹಾಗೆ ಮುಂದುವರಿಯುತ್ತಾರೆ. ಜೊತೆಗಿರುವ ವಿಜ್ಞಾನದ ಮೇಷ್ಟ್ರ ಹೆಸರು ಚೆಸ್ಟರ್ಟನ್. ಅದಂತೂ ಡಾಕ್ಟರ್ ಬಾಯಲ್ಲಿ ಒಮ್ಮೆ ಚಾಟರ್ಟನ್, ಇನ್ನೊಮ್ಮೆ ಮತ್ತೇನೋ. ಅಮ್ಮನಿಗೆ ಇದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ. ನನ್ನನ್ನು ಕರೆಯಬೇಕಾದರೆ ಮೊದಲು ಅಣ್ಣನ ಹೆಸರು, ಆಮೇಲೆ ಚಿಕ್ಕಪ್ಪನ ಹೆಸರು, ಕೊನೆಗೆ ನನ್ನದು ಬರುವುದು ಅವಳ ರೂಢಿ.

ಡಾಲೆಕ್ ಅಂದರೆ ಉಪ್ಪಿನ ಡಬ್ಬಿಯಂಥ ಲೋಹದ ಪ್ರಾಣಿ. ಟೆರಿ ನೇಷನ್ ಬರೆದದ್ದು, ರೇಮಂಡ್ ಕ್ಯೂಸಿಕ್ ರೂಪ ಕೊಟ್ಟದ್ದು. ಒಳಗೊಬ್ಬ ಮನುಷ್ಯ ಕೂತು ಕಾಲಲ್ಲಿ ತಳ್ಳಿಕೊಂಡು ಓಡಾಡುತ್ತಾನೆ. ಇಡೀ ಬ್ರಹ್ಮಾಂಡವನ್ನೇ ನಡುಗಿಸುವ ಈ ಪ್ರಾಣಿಯ ಒಂದು ಕೈ, ಸಿಂಕ್ ಕಟ್ಟಿಕೊಂಡರೆ ಒತ್ತುವ ರಬ್ಬರ್ ಬಟ್ಟಲು. ನಮ್ಮ ಪ್ಲಂಬರ್ ಆ ಶನಿವಾರದ ಗೌರವಾರ್ಥ ಒಂದು ಹೊಸ ರಬ್ಬರ್ ಬಟ್ಟಲು ತಂದು ನೆಟ್ಟಗೆ ಊಟದ ಮೇಜಿನ ಮೇಲೆ, ಕೋಡುಬಳೆಯ ತಟ್ಟೆ ಪಕ್ಕದಲ್ಲಿ ನಿಲ್ಲಿಸಿದ. ಅಮ್ಮ ಉಸಿರೇ ಬಿಡಲಿಲ್ಲ. "ಹೊಸದು ಅಮ್ಮ, ಅಂಗಡಿಯಿಂದ ಸೀದಾ ಬಂದಿದೆ" ಅಂದೆ. "ಹೊಸಾ ಕಕ್ಕಸು ಬ್ರಷ್ ಆದ್ರೆ ತಿಂಡಿ ಪಕ್ಕ ಇಡ್ತೀಯೇನೋ?" ಅಂದಳು. ಕೋಡುಬಳೆ ಒಳಗೆ ಹೋಯಿತು. ಬೇರೆ ತಟ್ಟೆಯಲ್ಲಿ ಬೇರೆ ಕೋಡುಬಳೆ ಬಂತು. ಮೇಜಿಗೆ ಎರಡು ಸಲ ನೀರು ಬಟ್ಟೆ ಬಿತ್ತು. ಅದೇ ವಾರ ಅಡುಗೆಮನೆ ಸಿಂಕ್ ಕಟ್ಟಿಕೊಂಡಾಗ ಡಾಲೆಕ್ ಕೈಯನ್ನು ಕೇಳಿ ಇಸಿದುಕೊಂಡವಳೂ ಅವಳೇ.

ಆಮೇಲೆ ಬಂತು 'ಮಾರ್ಕೊ ಪೋಲೊ', 1964ರದ್ದು, ಏಳು ಕಂತು. ಇದರ ವಿಶೇಷ ಏನೆಂದರೆ ಇದು ಇಲ್ಲ. ಟೇಪು ಮತ್ತೆ ಬಳಸಬೇಕು ಅಂತ ಬಿಬಿಸಿ ಅರವತ್ತು ಎಪ್ಪತ್ತರ ದಶಕಗಳಲ್ಲಿ ಹಳೇ ಕಂತುಗಳನ್ನು ಅಳಿಸಿಹಾಕಿತು. ಫಿಲ್ಮ್ ಪ್ರತಿಗಳೂ ಕಸಕ್ಕೆ ಹೋದವು. ಹೀಗೆ ಕಾಣೆಯಾದದ್ದರಲ್ಲಿ 90ಕ್ಕೂ ಹೆಚ್ಚು ಕಂತು ವರ್ಷಗಟ್ಟಲೆ ಸಿಗಲೇ ಇಲ್ಲ. ಆದರೆ ದನಿ ಅಷ್ಟೂ ಉಳಿದಿದೆ. ಅಂದಿನ ಅಭಿಮಾನಿಗಳು ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಿಡಿದಿಟ್ಟಿದ್ದರು. ಜಾನ್ ಕ್ಯೂರಾ ಎಂಬಾತ ಟಿವಿ ಪರದೆಯ ಫೋಟೋ ತೆಗೆದು ಮಾರುತ್ತಿದ್ದ. ಆ ಫೋಟೋಗಳನ್ನು ಒಂದಾದ ಮೇಲೊಂದು ತೋರಿಸುತ್ತಾ, ಹಿಂದೆ ದನಿ ಓಡಿಸುತ್ತಾ ನೋಡುವುದು. ಇಲ್ಲದ ಕಥೆಯನ್ನು ನೋಡಲು ನಾಲ್ಕು ಜನ ಮಳೆಯಲ್ಲಿ ಬಂದು ಕೂತಿದ್ದರು.

ಊಳಿಡುವ ಮರಳುಗಾಡು. ಪರದೆ ಮೇಲೆ ಒಂದು ಗಡ್ಡದ ಮುಖ. ಅದು ಹಾಗೇ ಇದೆ. ಅಮ್ಮ ಸ್ವಲ್ಪ ಹೊತ್ತು ನೋಡಿದಳು. "ನಿಂತೋಯ್ತು ಕಣೋ" ಅಂತ ಪಿಸುಗುಟ್ಟಿದಳು. ನಾನು ವಿವರಿಸುವ ಮೊದಲೇ ಎದ್ದು ಹೋಗಿ ವೈಫೈ ಡಬ್ಬಿ ಆಫ್ ಮಾಡಿ ಆನ್ ಮಾಡಿದಳು. ಆಗ ನಿಜವಾಗಿ ನಿಂತಿತು. ಮತ್ತೆ ಶುರುವಾದಾಗ ಬೇರೆ ತಾಪತ್ರಯ. ಚಿತ್ರ ಇಲ್ಲದ್ದರಿಂದ ಎಲ್ಲ ಭಾರ ಕಿವಿ ಮೇಲೆ. ಮುಖ್ಯವಾದ ಮಾತು ಬರುವ ಹೊತ್ತಿಗೆ ಸರಿಯಾಗಿ ನರ್ಸ್ ಚಕ್ಕುಲಿ ಕಚ್ಚಿದರು. ಕಟಂ! ಮೇಷ್ಟ್ರು ತಿರುಗಿ ನೋಡಿದರು. ಹಿಂದೆ ಓಡಿಸಿ ಮತ್ತೆ ಹಾಕಿದೆವು. ಈ ಸಲ ಮೇಷ್ಟ್ರ ಬಾಯಲ್ಲೇ ಕಟಂ. ಕುಬ್ಲಾಯ್ ಖಾನನ ಆಸ್ಥಾನಕ್ಕೆ ಮುಟ್ಟುವಷ್ಟರಲ್ಲಿ ಅಮ್ಮ ಎಲ್ಲರಿಗೂ ಕೇಸರಿಬಾತ್ ಹಂಚಿ ಚಕ್ಕುಲಿ ವಾಪಸ್ ತೆಗೆದುಕೊಂಡಿದ್ದಳು. ಈ ಕಥೆಯ ಹೆಚ್ಚಿನ ಕಂತುಗಳನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್, ಹುಟ್ಟಿದ್ದು ಲಖನೌದಲ್ಲಿ. ಮೊಟ್ಟಮೊದಲ ಕಥೆಯೂ ಅವರದೇ, ಆಗಿನ್ನೂ ಇಪ್ಪತ್ತೈದು ದಾಟಿರಲಿಲ್ಲ. ಇದನ್ನು ಕೇಳಿ ಅಮ್ಮ ನನ್ನತ್ತ ನೋಡಿದ ನೋಟದಲ್ಲಿ, ನನಗೀಗ ವಯಸ್ಸೆಷ್ಟು ಅನ್ನುವ ಲೆಕ್ಕ ಇತ್ತು.

ನನ್ನನ್ನು ಕೇಳಿದರೆ ಆ ಕಾಲದ ಕಥೆಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಅದೇ ವರ್ಷದ 'ದಿ ಆಜ್ಟೆಕ್ಸ್'. ನಾಲ್ಕೇ ಕಂತು, ಎಳೆದಾಟ ಇಲ್ಲ. ಡಾಕ್ಟರ್ ಜೊತೆಗಿರುವ ಟೀಚರ್ ಬಾರ್ಬರಾಳನ್ನು ಹಳೇ ಮೆಕ್ಸಿಕೋದ ಆಜ್ಟೆಕ್ ಜನ ದೇವರು ಅಂದುಕೊಳ್ಳುತ್ತಾರೆ. ಅವಳು ನರಬಲಿ ನಿಲ್ಲಿಸಲು ಹೊರಡುತ್ತಾಳೆ. ಇತಿಹಾಸದ ಒಂದು ಸಾಲನ್ನೂ ತಿದ್ದುವಂತಿಲ್ಲ ಅಂತ ಡಾಕ್ಟರ್ ಕೂಗಾಡುತ್ತಾನೆ. ಇಷ್ಟು ಗಂಭೀರವಾದದ್ದರ ಮಧ್ಯೆ ಆತ ಕ್ಯಾಮೆಕಾ ಎಂಬ ಹೆಂಗಸಿಗೆ ಕೋಕೋ ಮಾಡಿ ಕೊಡುತ್ತಾನೆ. ಆ ಊರಲ್ಲಿ ಹಾಗೆ ಕೊಟ್ಟರೆ ನಿಶ್ಚಿತಾರ್ಥ ಆದ ಹಾಗೆ. ಗುಂಪು ಬಿದ್ದು ಬಿದ್ದು ನಕ್ಕಿತು. ಅಮ್ಮ ನಗಲಿಲ್ಲ. "ನಮ್ಮಲ್ಲೂ ಹೆಣ್ಣು ನೋಡೋಕೆ ಹೋದಾಗ ಕಾಫಿ ಕೊಡೋದೇ ಅಲ್ವಾ? ಇಲ್ಲಿ ಗಂಡೇ ಕೊಟ್ಟಿದಾನೆ, ಒಳ್ಳೇದೇ ಆಯ್ತು" ಅಂದಳು. ಆದರೆ ಕೊನೆಗೆ ಡಾಕ್ಟರ್ ಆಕೆಯನ್ನು ಬಿಟ್ಟು ಹೊರಟೇಬಿಟ್ಟ. ಆಕೆ ಕೊಟ್ಟ ಪದಕವನ್ನು ಗೋರಿಯಲ್ಲೇ ಇಟ್ಟು ಎರಡು ಹೆಜ್ಜೆ ಹೋಗಿ, ತಿರುಗಿ ಬಂದು, ಎತ್ತಿಕೊಂಡು ಹೋದ. ಹಾರ್ಟ್‌ನೆಲ್ ಅದನ್ನು ಒಂದೂ ಮಾತಿಲ್ಲದೆ ಮಾಡುತ್ತಾರೆ. ಅಲ್ಲಿ ತಪ್ಪಲು ಮಾತೇ ಇರಲಿಲ್ಲ ಬಿಡಿ. ಅಮ್ಮನ ಸಿಟ್ಟು ಮಾತ್ರ ಇಳಿಯಲಿಲ್ಲ. ಮುಂದಿನ ಶನಿವಾರಗಳಲ್ಲೆಲ್ಲ ಅದೇ ಪ್ರಶ್ನೆ, "ಆ ಹೆಂಗಸು ಮತ್ತೆ ಬರ್ತಾಳೇನೋ?"

ಆಕೆ ಬರಲಿಲ್ಲ. ಬಂದದ್ದು ಗೊದ್ದ. 1965ರ 'ದಿ ವೆಬ್ ಪ್ಲಾನೆಟ್' ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರು ಕಂತು, ನನ್ನ ಪ್ರಕಾರ ಎರಡು ಸಾಕಿತ್ತು. ಮನುಷ್ಯನೆತ್ತರದ ಇರುವೆಗಳು, ಅವಕ್ಕೆ ವೈರಿ ಚಿಟ್ಟೆ ಜನ. ಬೇರೆ ಗ್ರಹದ ಗಾಳಿ ಹೇಗಿರುತ್ತದೆ ಅಂತ ತೋರಿಸಲು ಲೆನ್ಸಿನ ಮುಂದೆ ವ್ಯಾಸಲೀನ್ ಸವರಿದ್ದರು. ಕನ್ನಡಕ ಮಂಜಾಗಿದೆ ಅಂತ ಅಮ್ಮ ಸೆರಗಿನಲ್ಲಿ ಒರೆಸಿದ್ದೇ ಒರೆಸಿದ್ದು. ಮೂರನೇ ಕಂತಿನಲ್ಲಿ ಒಂದು ಇರುವೆ ಓಡಿ ಬಂದು ಸೀದಾ ಕ್ಯಾಮೆರಾಗೆ ಗುದ್ದುತ್ತದೆ. ಸದ್ದೂ ಕೇಳುತ್ತದೆ, ಚಿತ್ರವೂ ಅದುರುತ್ತದೆ. ಇದಕ್ಕಾಗಿ ಪ್ಲಂಬರ್ ಬಾಗಿಲು ಹೊಕ್ಕಾಗಿನಿಂದ ಕಾಯುತ್ತಿದ್ದ. "ಈಗ, ಈಗ!" ಅಂತ ಸೋಫಾದಿಂದ ಎದ್ದು ನಿಂತ. ಅದೇ ಹೊತ್ತಿಗೆ ಅಮ್ಮ ಕಾಫಿ ಟ್ರೇ ಹಿಡಿದು ಟಿವಿ ಮುಂದೆ ಬಂದಳು. ಗೊದ್ದ ಗುದ್ದಿದ್ದು ಯಾರಿಗೂ ಕಾಣಲಿಲ್ಲ. ಹಿಂದೆ ಓಡಿಸಿ ತೋರಿಸಿದಾಗ ಅಮ್ಮ, "ಇದಕ್ಕೆಲ್ಲ ಇಷ್ಟು ಒದ್ದಾಟ ಯಾಕೆ, ಬಾಗಿಲ ಹತ್ರ ಅರಿಶಿನ ಉದುರಿಸಿದ್ರೆ ಒಂದೂ ಒಳಗೆ ಬರ್ತಿರಲಿಲ್ಲ" ಅಂದಳು. ಮೇಷ್ಟ್ರು ಕೇಳಿ ಬರೆದುಕೊಂಡರು.

ಮುಂದಿನ ಕಥೆ 'ದಿ ಕ್ರುಸೇಡ್', ಇಂಗ್ಲೆಂಡಿನ ರಿಚರ್ಡ್ ದೊರೆಯ ಧರ್ಮಯುದ್ಧದ್ದು. ನಾಲ್ಕರಲ್ಲಿ ಎರಡು ಕಂತು ಕಾಣೆ. ಕಾಣೆಯಾದವು ಎಲ್ಲೆಲ್ಲಿ ಸಿಕ್ಕಿವೆ ಅನ್ನುವ ಮಾತು ಬಂತು. 1983ರಲ್ಲಿ ಬೇರೊಂದು ಕಥೆಯ ಎರಡು ಕಂತು ಲಂಡನ್ನಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸಿಕ್ಕವು. 2013ರಲ್ಲಿ ನೈಜೀರಿಯಾದ ಜೋಸ್ ಊರಿನ ಟಿವಿ ಕೇಂದ್ರದಿಂದ 9 ಕಂತು ವಾಪಸ್ ಬಂದವು. ಅಲ್ಲಿ ಸಿಕ್ಕಿದ ಮೇಲೆ ಎಲ್ಲಿ ಬೇಕಾದರೂ ಸಿಗಬಹುದು ಅನ್ನುವುದು ಪ್ಲಂಬರನ ಸಿದ್ಧಾಂತ. ಅಮ್ಮನ ಕಡೆ ತಿರುಗಿ, "ನಿಮ್ಮ ಮನೆ ಅಟ್ಟದಲ್ಲಿ ಫಿಲ್ಮ್ ಸುರುಳಿ ಇಡುವಂಥ ಗುಂಡನೆಯ ತಗಡಿನ ಡಬ್ಬಿ ಇದೆಯೇ?" ಅಂತ ಕೇಳಿದ. ತಮಾಷೆಯಲ್ಲ, ನಿಜವಾಗಿ ಕೇಳಿದ. ಅಮ್ಮನೂ ನಿಜವಾಗಿ ಯೋಚಿಸಿದಳು. "ಇದೆ ಕಣೋ, ನಮ್ಮತ್ತೆ ಕಾಲದ್ದು. ಒಳಗೆ ಏನಿದೆಯೋ ನೆನಪಿಲ್ಲ" ಅಂದಳು.

ಇನ್ನು ತಡೆಯುವವರಿಲ್ಲ. ಇಲ್ಲಿ ಸಂಜೆ ಐದೂವರೆ, ಅಲ್ಲಿ ರಾತ್ರಿ ಹನ್ನೊಂದು. ಮಲಗಿದ್ದ ಚಿಕ್ಕಪ್ಪನನ್ನು ಅಮ್ಮ ಫೋನಿನಲ್ಲಿ ಎಬ್ಬಿಸಿದಳು. ಕರೆಂಟ್ ಬೇರೆ ಹೋಗಿತ್ತು. ಟಾರ್ಚ್ ಹಿಡಿದು, ಏಣಿ ಹಾಕಿ, ಬೈದುಕೊಂಡೇ ಅಟ್ಟ ಹತ್ತಿದರು. ರಿಚರ್ಡ್ ದೊರೆಯನ್ನು ಅರ್ಧಕ್ಕೆ ನಿಲ್ಲಿಸಿ ನಾವೆಲ್ಲ ಅಮ್ಮನ ಫೋನ್ ಸುತ್ತ ಕೂತೆವು. ವಾಟ್ಸಾಪಿನಲ್ಲಿ ಫೋಟೋ ಬಂತು. ಡಬ್ಬಿ ಗುಂಡಗೇ ಇತ್ತು, ಅಗಲವೂ ಸರಿಯಾಗಿತ್ತು. ನರ್ಸ್ ಕೈ ಎದೆ ಮೇಲೆ ಹೋಯಿತು. ಎರಡನೇ ಫೋಟೋದಲ್ಲಿ ಮುಚ್ಚಳ ತೆಗೆದಿತ್ತು. ಒಳಗೆ ಕಪ್ಪಗೆ ಗಟ್ಟಿಯಾದ ಹುಣಸೆಹಣ್ಣು.

"ಅಯ್ಯೋ, ಹಳೇ ಹುಣಸೆಹಣ್ಣು! ಬಿಸಾಕಬೇಡ ಅಂತ ಹೇಳು, ಔಷಧಿಗೆ ಆಗುತ್ತೆ" ಅಂತ ಅಮ್ಮ ಖುಷಿಯಾದಳು. ಪ್ಲಂಬರ್ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಹುಣಸೆಹಣ್ಣಿನ ಕೆಳಗೆ ಏನಿದೆ ಅಂತ ಒಮ್ಮೆ ಕೇಳಬಹುದೇ ಅಂದ. ಅಷ್ಟರಲ್ಲಿ ಚಿಕ್ಕಪ್ಪ ಫೋನ್ ಸ್ವಿಚ್ ಆಫ್ ಮಾಡಿ ಮಲಗಿಬಿಟ್ಟಿದ್ದರು.